ಮಧ್ಯದ ಕೋಣೆಗೆ ಕೇಳಿಸದ ಹಾಗೆ

ನನ್ನ ದನಿಯನ್ನು ಮೊದಲ ಸಲ ಟೇಪಿನಲ್ಲಿ ಕೇಳಿದ ದಿನ ನಾನು ಹೋಗಿ ಮುಂಬಾಗಿಲು ತೆರೆದು ನೋಡಿದೆ. ಪ್ಲೇ ಒತ್ತಿ, ಹಾಲು ಉಕ್ಕೀತೆಂದು ಅಡುಗೆಮನೆಗೆ ಓಡಿದ್ದೆ. ಅಲ್ಲಿಂದ ಕೇಳಿದಾಗ ಯಾರೋ ಪರವೂರಿನ ಹೆಂಗಸು ಗೇಟಿನ ಹತ್ತಿರ ನಿಂತು ವಿಳಾಸ ವಿಚಾರಿಸುತ್ತಿದ್ದಾಳೆ, ವಿಚಾರಿಸುವುದಕ್ಕೂ ಸಂಕೋಚಪಡುತ್ತಿದ್ದಾಳೆ ಅನ್ನಿಸಿತು. ಗೇಟಿನಲ್ಲಿ ಯಾರೂ ಇರಲಿಲ್ಲ. ಎದುರಿನ ಸೈಟಿನಲ್ಲಿ ಅಪಾರ್ಟ್‌ಮೆಂಟಿಗೆ ಪಾಯ ತೋಡುತ್ತಿದ್ದ ಯಾದಗಿರಿ ಕಡೆಯ ಹೆಂಗಸೊಬ್ಬಳು ಬುಟ್ಟಿ ಇಳಿಸಿ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಒಳಗೆ ಬಂದು ಟೇಪ್ ರೆಕಾರ್ಡರಿನ ಮುಂದೆ ಕೂತ ಮೇಲೆ ಗೊತ್ತಾಯಿತು, ಆ ಪರವೂರಿನವಳು ನಾನೇ, ಭೂಪ ರಾಗದ ಆರೋಹ ಹಾಡುತ್ತಿದ್ದೇನೆ.

ಆಗ ನನಗೆ ಅರವತ್ತೊಂದು. ಕಾನ್ವೆಂಟಿನಲ್ಲಿ ಓದಿ, ಅಂಥದೇ ಇನ್ನೊಂದು ಕಾನ್ವೆಂಟಿನಲ್ಲಿ ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಕಲಿಸಿ, ರಿಟೈರ್ ಆಗಿ, ಸಿಕಂದರಾಬಾದಿನ ಪಕ್ಕದ ಮಲ್ಕಾಜ್‌ಗಿರಿಯ ನಮ್ಮ ಹಳೆಯ ಮನೆಯಲ್ಲಿ ಅವ್ವನ ಜೊತೆ ಇದ್ದೆ. ಮದುವೆಯಾಗಿರಲಿಲ್ಲ. ನಾನು ಹುಟ್ಟಿ ಬೆಳೆದ ಮನೆಯೇ ಅದು. ಊರಿನ ಇನ್ನೊಂದು ತುದಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು. ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಕಂಪ್ಯೂಟರ್ ಕೋರ್ಸುಗಳ ಪೋಸ್ಟರುಗಳು ಒಂದರ ಮೇಲೊಂದು ಅಂಟಿ ಗೋಡೆ ದಪ್ಪಗಾಗಿತ್ತು. ಎಲ್ಲರೂ ಏನಾದರೊಂದು ಕಲಿಯುತ್ತಿದ್ದ ಕಾಲ. ನಾನು ಹಾಡು ಕಲಿಯುತ್ತೇನೆ ಅಂದೆ. ಯಾಕೆಂದು ಕೇಳಿದವರಿಗೆಲ್ಲ just like that ಎನ್ನುತ್ತಿದ್ದೆ. ನಿಜ ಏನೆಂದರೆ ಅವ್ವನಿಗೆ ಎಂಬತ್ತನಾಲ್ಕಾಗಿತ್ತು, ಕಿವಿ ದಿನದಿನಕ್ಕೆ ಮಂದವಾಗುತ್ತಿತ್ತು. ಅದು ಪೂರ್ತಿ ಮುಚ್ಚಿಕೊಳ್ಳುವ ಮೊದಲು, ಮಧ್ಯದ ಕೋಣೆಯ ಮಂಚದ ಮೇಲೆ ಮಲಗಿರುವ ಅವಳಿಗೆ ಒಂದೇ ಒಂದು ಬಂದಿಶ್ ಪೂರ್ತಿಯಾಗಿ, ತುಂಬು ದನಿಯಲ್ಲಿ ಕೇಳಿಸಬೇಕು ಅನ್ನುವುದು ನನ್ನ ಆಸೆ. ಆ ಮನೆಯಲ್ಲಿ ನಾನು ಅಷ್ಟು ವರ್ಷ ಇದ್ದೂ ಅವ್ವ ನನ್ನಿಂದ ಒಂದು ಹಾಡು ಕೇಳಿರಲಿಲ್ಲ.

ಸುಮಾ ಟೀಚರ್ ಧಾರವಾಡದವರು. ಗಂಡನಿಗೆ ಕುಷಾಯಿಗೂಡದ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ, ಕ್ವಾರ್ಟರ್ಸಿನ ಹಾಲ್‌ನಲ್ಲೇ ಪಾಠ. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಮೊದಲ ದಿನ ನಾನು ಅವರ ಕಾಲು ಮುಟ್ಟಲು ಬಾಗಿದಾಗ ಗಾಬರಿಯಾಗಿ ಹಾರ್ಮೋನಿಯಂ ಹಿಂದೆ ಸರಿದುಬಿಟ್ಟರು. ನನ್ನನ್ನು ತಿದ್ದಲು ಅವರಿಗೆ ನಾಚಿಕೆ, ತಿದ್ದಿಸಿಕೊಳ್ಳಲು ನನಗೆ ಒಳಗೊಳಗೇ ಸಿಟ್ಟು. ಮೂರು ವಾರ ಹೀಗೇ ನಡೆದ ಮೇಲೆ ಅವರೇ ಉಪಾಯ ಹುಡುಕಿದರು.

"ಅಕ್ಕಾರ, ನಾ ಹೇಳಿದ್ರ ನಿಮಗ ಬ್ಯಾಸರ ಆಗತೈತಿ. ಇನ್ನ ಮ್ಯಾಲ ಟೇಪ್ ಹೇಳಲಿ. ದಿನಾ ಹತ್ತ ಮಿನಿಟ ಹಾಡಿ ರೆಕಾರ್ಡ್ ಮಾಡ್ರಿ. ಸಂಜೀಕ ಕೇಳ್ರಿ. ಒಂದ ತಪ್ಪು ಹಿಡೀರಿ, ಮರುದಿನ ಅದೊಂದ ತಿದ್ದರಿ."

ಕೋಠಿಯ ಬಜಾರಿಗೆ ಹೋಗಿ ಖಾಲಿ ಕ್ಯಾಸೆಟ್ ತಂದೆ. ಸಿಡಿ ಬಂದು ಕ್ಯಾಸೆಟ್ ಕೇಳುವವರೇ ಇರಲಿಲ್ಲ, ಅಂಗಡಿಯವನು ಡಜನ್ ಕಟ್ಟಿಕೊಟ್ಟು, ಇಷ್ಟರಲ್ಲಿ ಏನು ತುಂಬುತ್ತೀರಿ ಅಮ್ಮಾ ಎಂದು ಉರ್ದುವಿನಲ್ಲಿ ನಕ್ಕ. ಮನೆಗೆ ಬಂದು ನಾನು ಮಾಡಿದ್ದು ಟೀಚರ್ ಆಗಿದ್ದವಳು ಮಾಡುವ ಕೆಲಸ. ಒಂದು ನೋಟ್‌ಬುಕ್ಕಿಗೆ ಮಾರ್ಜಿನ್ ಎಳೆದೆ. ಕೆಂಪು ಪೆನ್ನು ಹಿಡಿದು ಕೇಳಲು ಕೂತೆ. ಮೊದಲ ದಿನವೇ ಹನ್ನೊಂದು ತಪ್ಪು ಸಿಕ್ಕವು. ಹತ್ತಕ್ಕೆ ಮೂರೂವರೆ ಮಾರ್ಕ್ಸ್ ಕೊಟ್ಟು, ಕೆಳಗೆ careless ಎಂದು ಬರೆದೆ. ಆ ಪುಟ ನೋಡಿ ಸುಮಾ ಟೀಚರ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಒಂದು ತಪ್ಪು ಹಿಡಿದರೆ ಅದು ಅಭ್ಯಾಸ, ಹನ್ನೊಂದು ಹಿಡಿದರೆ ಚಾಡಿ ಅಂದರು.

ಹಾಗೆ ಒಂದೊಂದೇ ಹಿಡಿಯುತ್ತಾ ಹೋದೆ. ಟೇಪ್ ಒಳ್ಳೆಯ ಗುರು. ಹಾಡುವಾಗ ಸರಿ ಅನ್ನಿಸಿದ ಗಾಂಧಾರ ಸಂಜೆ ಕೇಳಿದರೆ ಅರ್ಧ ಮೆಟ್ಟಿಲು ಕೆಳಗೆ ನಿಂತಿರುತ್ತಿತ್ತು. ಉಸಿರು ಎಲ್ಲಿ ಕದಿಯುತ್ತೇನೆ, ಲಯ ಎಲ್ಲಿ ಓಡುತ್ತದೆ, ಎಲ್ಲ ಗೊತ್ತಾಗುತ್ತಿತ್ತು. ಎರಡು ತಿಂಗಳಲ್ಲಿ ಮೊದಲ ಕ್ಯಾಸೆಟ್ ಹಾಕಿ ಕೇಳಿದರೆ ಸುಧಾರಿಸಿದ್ದು ನನಗೇ ತಿಳಿಯುವಂತಿತ್ತು. ಆದರೆ ಒಂದು ತಪ್ಪು ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ಸಾ ರಿ ಗ ಪ ದ ವರೆಗೆ ಹೋಗುತ್ತಿದ್ದೆ. ಅಲ್ಲಿಂದ ಮೇಲಿನ ಸಾ ಮುಟ್ಟುವ ಮೊದಲು ದನಿ ಒಂದು ಕ್ಷಣ ನಿಲ್ಲುತ್ತಿತ್ತು. ನಿಂತು, ಕುಗ್ಗಿ, ಆಮೇಲೆ ಕದ್ದುಮುಚ್ಚಿ ಹೋಗುವವರ ಹಾಗೆ ಮೇಲಕ್ಕೆ ಹೋಗುತ್ತಿತ್ತು. ಕುಷಾಯಿಗೂಡದಲ್ಲಿ ಟೀಚರ್ ಎದುರಿಗೆ ಇದು ಕಡಿಮೆ, ನಮ್ಮ ಮನೆಯಲ್ಲಿ ಪ್ರತಿ ಸಲ. ಅವರು ಉಸಿರಿನ ದೋಷ ಅಂದರು. ಹೊಟ್ಟೆಯ ಮೇಲೆ ಪುಸ್ತಕ ಇಟ್ಟುಕೊಂಡು ಮಲಗಿ ಉಸಿರಾಡಿದೆ. ಏನೂ ಆಗಲಿಲ್ಲ. ಇನ್ನೊಂದು ವಿಚಿತ್ರವನ್ನೂ ಟೇಪ್ ತೋರಿಸಿತು. ಪ್ರತಿ ರೆಕಾರ್ಡಿಂಗಿನ ಮೊದಲು ನಾನು ಕ್ಲಾಸಿಗೆ ಬಂದವಳ ಹಾಗೆ ಇಂಗ್ಲಿಷಿನಲ್ಲಿ ವಾರ, ಪಾಠದ ನಂಬರು ಹೇಳುತ್ತಿದ್ದೆ. Tuesday, lesson nine. ಆ ದನಿ ಗಂಟೆಯ ಹಾಗಿತ್ತು, ಸ್ಪೀಕರ್ ಅದುರುತ್ತಿತ್ತು. ಅದರ ಹಿಂದೆಯೇ ಬರುವ ಹಾಡಿಗೆ ವಾಲ್ಯೂಮ್ ಪೂರ್ತಿ ತಿರುಗಿಸಬೇಕು. ಒಂದೇ ಗಂಟಲು, ಒಂದೇ ಮೈಕ್. ಇಬ್ಬರು ಹೆಂಗಸರು.

ಈ ಇಬ್ಬರೂ ಎಲ್ಲಿಂದ ಬಂದರು ಎಂದು ಯೋಚಿಸುತ್ತಾ ಯೋಚಿಸುತ್ತಾ ನಾನು ಆ ಮನೆಯನ್ನೇ ಮತ್ತೆ ನೋಡತೊಡಗಿದೆ. ನಮ್ಮದು ರೈಲು ಡಬ್ಬಿಗಳ ಹಾಗೆ ಸಾಲಾಗಿ ಮೂರು ಕೋಣೆ. ಮುಂದಿನ ಕೋಣೆ, ಮಧ್ಯದ ಕೋಣೆ, ಹಿಂದೆ ಅಡುಗೆಮನೆ. ನೆಲಕ್ಕೆ ಶಹಾಬಾದಿ ಕಲ್ಲು. ಗೋಡೆಯ ಆಚೆ ಒಂದು ಸಂದಿ, ಸಂದಿಯ ತುದಿಯಲ್ಲಿ ನಲ್ಲಿ. ಅಪ್ಪ ಗೂಡ್ಸ್ ಗಾಡಿಯ ಗಾರ್ಡ್. ಗದಗಿನಿಂದ ಬಂದು ಇಲ್ಲಿ ಡ್ಯೂಟಿಗೆ ಸೇರಿದವರು. ಗೂಡ್ಸ್ ಗಾಡಿಗೆ ಹಗಲು ರಾತ್ರಿ ಅನ್ನುವುದಿಲ್ಲ. ವಾರದಲ್ಲಿ ನಾಲ್ಕು ದಿನವಾದರೂ ಅಪ್ಪ ಬೆಳಗಾದ ಮೇಲೆ ಮನೆಗೆ ಬಂದು, ಸ್ನಾನ ಮಾಡಿ, ಮಧ್ಯದ ಕೋಣೆಯಲ್ಲಿ ಮಲಗುತ್ತಿದ್ದರು. ಅಪ್ಪನ ಕೆಂಪು, ಹಸಿರು ಬಾವುಟಗಳು ಬಣ್ಣ ಮಾಸಿದ ಮೇಲೆ ಮನೆಗೆ ಬರುತ್ತಿದ್ದವು. ಬೇರೆ ಮನೆಗಳಲ್ಲಿ ಅವು ಒರಸುವ ಬಟ್ಟೆಯಾಗುತ್ತಿದ್ದವೋ ಏನೋ. ನಮ್ಮಲ್ಲಿ ಮಧ್ಯದ ಕೋಣೆಯ ಚಿಲಕಕ್ಕೆ ಏರುತ್ತಿದ್ದವು. ಅಪ್ಪ ಮಲಗಿದರೆ ಕೆಂಪು, ಎದ್ದರೆ ಹಸಿರು. ಕೆಂಪು ಬಿದ್ದಾಗ ಮುಂದಿನ ಕೋಣೆಯಿಂದ ಅಡುಗೆಮನೆಗೆ ಹೋಗಬೇಕಾದರೆ ಸಂದಿಯಿಂದ ಸುತ್ತಿಕೊಂಡು ಹೋಗಬೇಕು, ಅದೂ ಚಪ್ಪಲಿ ಬಿಟ್ಟು.

ನಮ್ಮ ಊಟವನ್ನು ಕೂಡ ಆ ಬಾವುಟವೇ ನಿರ್ಧರಿಸುತ್ತಿತ್ತು. ಜೋಳದ ರೊಟ್ಟಿ ಬಡಿಯದೆ ಆಗುವುದಿಲ್ಲ, ಬಡಿದರೆ ಸದ್ದು. ಚಪಾತಿ ಸದ್ದಿಲ್ಲದೆ ಲಟ್ಟಿಸಬಹುದು. ಹಾಗಾಗಿ ಕೆಂಪಿದ್ದ ದಿನ ಚಪಾತಿ, ಹಸಿರಿದ್ದ ದಿನ ರೊಟ್ಟಿ. ಚಪಾತಿ ಸುಖದ ಊಟ ಎಂದು ನನ್ನ ಕ್ಲಾಸಿನ ಹುಡುಗಿಯರು ಹೇಳುತ್ತಿದ್ದಾಗ ನನಗೆ ಅರ್ಥವಾಗುತ್ತಿರಲಿಲ್ಲ, ನನಗೆ ಅದರಲ್ಲಿ ಪಿಸುಮಾತಿನ ರುಚಿ ಇತ್ತು. ಒಗ್ಗರಣೆ ಚಟಪಟ ಅನ್ನುವ ಮೊದಲೇ ಅವ್ವ ಮುಚ್ಚಳ ಹಾಕಿಬಿಡುತ್ತಿದ್ದಳು. ನಲ್ಲಿಯ ಬಾಯಿಗೆ ಉದ್ದನೆಯ ಬಟ್ಟೆ ಕಟ್ಟಿತ್ತು, ನೀರು ಬಟ್ಟೆಗುಂಟ ಇಳಿದು ಸದ್ದಿಲ್ಲದೆ ಕೊಡಕ್ಕೆ ಸೇರುತ್ತಿತ್ತು. ನಾನೂ ತಮ್ಮ ರಘುವೂ ಜಗಳವಾಡಿದರೆ ಕಚ್ಚುತ್ತಿದ್ದೆವು, ಕೂಗುತ್ತಿರಲಿಲ್ಲ. ಬಾಯಿ ಅಗಲಿಸಿ ಸದ್ದಿಲ್ಲದೆ ಅಳುವುದು ನಮಗಿಬ್ಬರಿಗೂ ಬರುತ್ತಿತ್ತು, ಅವ್ವ ಕಣ್ಣೀರು ನೋಡಿಯೇ ಜಗಳ ನಡೆದಿದೆ ಎಂದು ತಿಳಿಯಬೇಕು. ಅವ್ವ ಬೈಯುವುದೂ ಪಿಸುದನಿಯಲ್ಲೇ. ಪಿಸುದನಿಯ ಬೈಗುಳ ಕಿವಿಗೆ ಬಿಸಿ ಗಾಳಿಯ ಸಮೇತ ಬರುತ್ತದೆ, ಅದು ಜೋರು ದನಿಯದ್ದಕ್ಕಿಂತ ಹೆಚ್ಚು ತಾಗುತ್ತದೆ. ಹಸಿರು ಬಿದ್ದ ಮೇಲೂ ನಮ್ಮ ದನಿ ಏರಲು ಹೊತ್ತು ಹಿಡಿಯುತ್ತಿತ್ತು. ಅಪ್ಪ ಎದ್ದು, ಏನು ಎಲ್ಲ ಸುಮ್ಮನಿದ್ದೀರಿ ಎಂದು ಕೇಳುತ್ತಿದ್ದರು.

ಒಂದು ಶನಿವಾರ ನಡೆದದ್ದು ನನಗೆ ಈಗಲೂ ನಗು ತರಿಸುತ್ತದೆ, ಸ್ವಲ್ಪ ಭಯವನ್ನೂ. ಬೆಳಿಗ್ಗೆಯಿಂದ ಕೆಂಪು ಬಾವುಟವಿತ್ತು. ಅವ್ವ ಒಗೆಯುವ ಬಟ್ಟೆಗಳನ್ನು ನೆನೆಹಾಕಿ ಹಾಗೇ ಬಿಟ್ಟಿದ್ದಳು, ಬಡಿಯುವ ಹಾಗಿಲ್ಲವಲ್ಲ. ರಘುವಿಗೆ ಜ್ವರ ಬಂದು ಕೆಮ್ಮು, ಕೆಮ್ಮಬೇಕೆನಿಸಿದಾಗಲೆಲ್ಲ ಅವನನ್ನು ಸಂದಿಯ ತುದಿಗೆ ಓಡಿಸುತ್ತಿದ್ದೆವು. ಸಂಜೆ ಐದಕ್ಕೆ ಅಪ್ಪ ಕೊಡೆ ಹಿಡಿದು, ಕೋಠಿಯಲ್ಲಿ ಕೊಂಡ ಹಳೆಯ ಪುಸ್ತಕಗಳ ಕಟ್ಟು ಬಗಲಲ್ಲಿಟ್ಟು, ಗೇಟು ತೆರೆದು ಒಳಗೆ ಬಂದರು. ಹತ್ತು ಗಂಟೆಗೇ ನಿದ್ದೆ ಬಾರದೆ ಎದ್ದು, ಬಾಗಿಲು ಎಳೆದುಕೊಂಡು ಹೋಗಿದ್ದರಂತೆ. ಇಡೀ ದಿನ ನಾವು ಖಾಲಿ ಕೋಣೆಗೆ ಎಚ್ಚರವಾಗದ ಹಾಗೆ ಬದುಕಿದ್ದೆವು. ಬಾವುಟ ಬದಲಿಸದವರು ಯಾರು ಎಂದು ನಾನೂ ಅವ್ವನೂ ಜಗಳವಾಡಿದೆವು. ಆ ಜಗಳವನ್ನೂ ಪಿಸುದನಿಯಲ್ಲೇ ಆಡಿದೆವು. ಅಪ್ಪ ನಡುವೆ ನಿಂತು ನೋಡುತ್ತಿದ್ದರು.

"ಯಾರಿಗೆ ಎಚ್ಚರ ಆಗತೈತಿ ಅಂತ ಹಿಂಗ ಜಗಳಾಡಾಕತ್ತೀರಿ? ಮಲಗಾಂವ ಇಲ್ಲೇ ನಿಂತೀನಲ್ಲ."

ನಾವು ಆಗಲೂ ದನಿ ಏರಿಸಲಿಲ್ಲ.

ಕಾನ್ವೆಂಟಿನಲ್ಲಿ ಎಲ್ಲವೂ ತಿರುವುಮುರುವು. ಮಲ್ಕಾಜ್‌ಗಿರಿಯಿಂದ ಸಿಕಂದರಾಬಾದಿಗೆ ರೈಲಿನಲ್ಲಿ ಹೋಗಿ ಇಳಿದರೆ ಬೇರೆ ದೇಶ. ಎಲೊಕ್ಯೂಷನ್ ಕ್ಲಾಸಿನ ಸಿಸ್ಟರ್ ಹಾಲ್‌ನ ಆ ತುದಿಯ ಕಿಟಕಿಯ ಹತ್ತಿರ ನಿಂತು, speak up, child, ನಾನು ಇಲ್ಲಿದ್ದೇನೆ ಅನ್ನುತ್ತಿದ್ದರು. ನಾನು ಅವರ ತನಕ ಇಂಗ್ಲಿಷನ್ನು ಎಸೆಯುತ್ತಿದ್ದೆ. ಪ್ರತಿ ವರ್ಷ ಪ್ರೈಜ್. ಅಪ್ಪ ಅವ್ವ ಎಂದೂ ಕೇಳಿಸಿಕೊಳ್ಳದ ಒಂದು ದನಿ ನನಗೆ ಅಲ್ಲಿತ್ತು. ಸಂಜೆ ರೈಲು ಮಲ್ಕಾಜ್‌ಗಿರಿಯಲ್ಲಿ ನಿಂತಾಗ ಅದನ್ನು ಟಿಫಿನ್ ಡಬ್ಬಿಯ ಜೊತೆ ಬ್ಯಾಗಿಗೆ ಹಾಕಿಕೊಂಡು ಇಳಿಯುತ್ತಿದ್ದೆ. ಹೀಗೆ ನನ್ನ ಇಂಗ್ಲಿಷ್ ಜೋರಾಗಿ ಬೆಳೆಯಿತು, ಕನ್ನಡ ಮೆತ್ತಗೆ. ನಾನು ಮೃದು ಸ್ವಭಾವದವಳು ಎಂದು ಕನ್ನಡದವರೆಲ್ಲ ಅನ್ನುತ್ತಾರೆ. ಶಾಲೆಯ ಮಕ್ಕಳು ನನಗೆ ಇಟ್ಟಿದ್ದ ಅಡ್ಡಹೆಸರು ಬೇರೆಯೇ ಇತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ.

ಇಷ್ಟು ನೆನಪಾದ ಮೇಲೆ ನನಗೆ ಉತ್ತರ ಸಿಕ್ಕಿತು ಅನ್ನಿಸಿತ್ತು. ಆ ಮನೆ ನನ್ನ ದನಿಯನ್ನು ಅದುಮಿತು, ಅದಕ್ಕೇ ಮೇಲಿನ ಸಾ ಬರುವುದಿಲ್ಲ. ಎಷ್ಟು ಚೆಂದದ explanation. ಅಪ್ಪ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು, ಅವರ ಮಂಚದ ಮೇಲೆ ಈಗ ಅವ್ವ. ಕಾರಣ ಗೊತ್ತಾದ ಮೇಲೆ ತಪ್ಪು ತಾನೇ ಹೋಗಬೇಕು. ಹೋಗಲಿಲ್ಲ.

ಆಗ ನಮ್ಮ ಮಹಡಿಯ ಕೋಣೆಯಲ್ಲಿ ಸ್ವಾತಿ ಎಂಬ ಹುಡುಗಿ ಬಾಡಿಗೆಗಿದ್ದಳು. ವರಂಗಲ್ಲಿನವಳು, ಕಾಲ್ ಸೆಂಟರ್ ಕೆಲಸ. ಸಂಜೆ ವ್ಯಾನ್ ಬಂದು ಕರೆದುಕೊಂಡು ಹೋಗುತ್ತಿತ್ತು, ಬೆಳಿಗ್ಗೆ ತಂದು ಬಿಡುತ್ತಿತ್ತು. ಅವಳು ರಾತ್ರಿಯೆಲ್ಲ ಕೆಲಸ ಮಾಡುತ್ತಾಳೆಂದು ಅವ್ವನಿಗೆ ಹೇಳಿದಾಗ, ಗೂಡ್ಸೋ ಪ್ಯಾಸೆಂಜರೋ ಎಂದು ಕೇಳಿದ್ದಳು. ಒಂದು ಭಾನುವಾರ ಸ್ವಾತಿ ಬಾಡಿಗೆ ಕೊಡಲು ಕೆಳಗೆ ಬಂದವಳು, ನಾನು ಟೇಪ್ ರೆಕಾರ್ಡರಿಗೆ ಕಿವಿ ಒತ್ತಿ ಕೂತಿದ್ದನ್ನು ನೋಡಿ, ತನ್ನ ದೊಡ್ಡ ಹೆಡ್‌ಫೋನ್ ತಂದುಕೊಟ್ಟಳು. ಹಾಕಿಕೊಂಡು ಅವತ್ತಿನ ಕ್ಯಾಸೆಟ್ ಕೇಳಿದೆ. ಸಣ್ಣ ಸ್ಪೀಕರಿನಲ್ಲಿ ಎಂದೂ ಕೇಳದ ಒಂದು ಲೋಕ ಅದರೊಳಗಿತ್ತು. ಫ್ಯಾನಿನ ಕಿರುಗುಟ್ಟುವಿಕೆ, ಎದುರು ಸೈಟಿನ ಗುದ್ದಲಿ, ನನ್ನ ಬಳೆ. ಸಾ ರಿ ಗ ಪ ದ. ಆಮೇಲೆ, ನನ್ನ ದನಿ ನಿಲ್ಲುವ ಆ ಜಾಗದಲ್ಲಿ, ದೂರದಿಂದ, ಸ್ಪಷ್ಟವಾಗಿ:

"ಶ್ಶ್."

ರಿವೈಂಡ್ ಮಾಡಿ ಕೇಳಿದೆ. ಬೇರೆ ಕ್ಯಾಸೆಟ್ ಹಾಕಿದೆ. ಅದರಲ್ಲೂ ಇತ್ತು. ಮಧ್ಯದ ಕೋಣೆಯ ಕಡೆಯಿಂದ, ಪ್ರತಿ ಸಲ, ಮೇಲಿನ ಸಾದ ಹೊಸ್ತಿಲಲ್ಲಿ. ಕೆಲವು ಕಡೆ ಶ್ಶ್ ಮೊದಲು ಬಂದು ಆಮೇಲೆ ನಾನು ನಿಂತಿದ್ದೆ. ಕೆಲವು ಕಡೆ ನಾನು ನಿಂತ ಮೇಲೆ ಶ್ಶ್ ಬಂದಿತ್ತು. ಹಾಡುವಾಗ ಒಂದು ದಿನವೂ ಅದು ನನ್ನ ಕಿವಿಗೆ ಬಿದ್ದಿರಲಿಲ್ಲ. ಕೇಳಿಸದೇ ಇದ್ದದ್ದನ್ನು ನಾನು ಪಾಲಿಸುತ್ತಿದ್ದೆನೇ? ಇನ್ನೊಂದು ಪ್ರಶ್ನೆ. ಕಾಫಿ ಬೇಕೇನವ್ವಾ ಎಂದು ಮಂಚದ ಪಕ್ಕ ನಿಂತು ಮೂರು ಸಲ ಕೇಳಿದರೂ ತಿಳಿಯದ ಅವ್ವನಿಗೆ ಗೋಡೆಯಾಚೆಯ ನನ್ನ ಸಣ್ಣ ದನಿ ಹೇಗೆ ಕೇಳಿಸುತ್ತಿತ್ತು?

ಮರುದಿನ ಅವಳಿಗೆ ತಲೆ ಬಾಚುತ್ತಾ ಕೇಳಿಯೇಬಿಟ್ಟೆ. ನಾನು ಹಾಡುವಾಗ ಶ್ಶ್ ಅನ್ನುತ್ತೀಯಲ್ಲ, ಯಾಕೆ ಎಂದು. ತಾನು ಅನ್ನುವುದೇ ಇಲ್ಲ ಅಂದಳು. ತನಗೆ ಏನೂ ಕೇಳಿಸುವುದಿಲ್ಲವೆಂದು ಡಾಕ್ಟರ್ ಬರೆದುಕೊಟ್ಟಿದ್ದಾನೆ, ಕೇಳಿಸದವಳು ಯಾಕೆ ಅನ್ನಲಿ ಅಂದಳು. ಎರಡು ನಿಮಿಷ ಬಿಟ್ಟು, ನಾನು ಜಡೆ ಹಾಕುತ್ತಿರುವಾಗ, ಅದೇ ಪಿಸುದನಿಯಲ್ಲಿ ಇನ್ನೊಂದು ಉತ್ತರ ಕೊಟ್ಟಳು.

"ಮ್ಯಾಲಿನ ಹುಡುಗಿ ನೈಟ್ ಡ್ಯೂಟಿ ಮಾಡಿ ಬಂದಾಳ. ಪಾಪ, ಮಲಗಬಾರದೇನು?"

ಎರಡೂ ಒಟ್ಟಿಗೆ ನಿಜವಾಗಲಾರವು. ಕ್ಲಾಸಿನಲ್ಲಾಗಿದ್ದರೆ ಹಾಗೆಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಆ ಸಂಜೆ ವ್ಯಾನ್ ಬರುವ ಮೊದಲು ಸ್ವಾತಿಯನ್ನು ತಡೆದು, ನನ್ನ ಹಾಡಿನಿಂದ ನಿನ್ನ ನಿದ್ದೆಗೆ ತೊಂದರೆಯಾಗುತ್ತದೆಯೇ ಎಂದು ಕೇಳಿದೆ. ಅವಳು ನಿಜವಾಗಿಯೂ ಆಶ್ಚರ್ಯಪಟ್ಟಳು. ನೀವು ಹಾಡುತ್ತೀರಾ ಆಂಟೀ ಎಂದು ಕೇಳಿದಳು. ನಾಲ್ಕು ತಿಂಗಳು ದಿನಾ ಅವಳ ಕಾಲ ಕೆಳಗೇ ಹಾಡಿದ್ದೆ. ನಾನು ಟೇಪಿನಲ್ಲಿ ಯಾರದೋ ಪಾಠ, ಯಾರದೋ ಹಾಡು ಕೇಳುತ್ತಿದ್ದೇನೆ ಎಂದುಕೊಂಡಿದ್ದಳಂತೆ. ಹಾಡುವವಳು ನಾನು ಎಂದು ಅನ್ನಿಸಿಯೇ ಇರಲಿಲ್ಲ.

ಅವ್ವನಿಗೆ ಪುರಾವೆ ತೋರಿಸುವುದೆಂದು ನಿಶ್ಚಯಿಸಿದೆ. ಟೇಪ್ ರೆಕಾರ್ಡರನ್ನು ಮಂಚದ ಮೇಲಿಟ್ಟು ಅವಳ ಬಿಳಿ ತಲೆಗೆ ಆ ದೊಡ್ಡ ಹೆಡ್‌ಫೋನ್ ಹಾಕಿ, ವಾಲ್ಯೂಮ್ ಏರಿಸಿದೆ. ಅವ್ವ ಕಣ್ಣು ಮುಚ್ಚಿ ಕೂತಳು. ಬಹಳ ಹೊತ್ತು ಕೇಳಿದಳು. ನಡುವೆ ಒಮ್ಮೆ ಅವಳ ತುಟಿ ಮುಂದಕ್ಕೆ ಬಂದು, ಆ ಸದ್ದಿಲ್ಲದ ಶ್ಶ್ ಅವಳ ಮುಖದ ಮೇಲೇ ಮೂಡಿ ಹೋಯಿತು. ಸಿಕ್ಕಿಬಿದ್ದಳು ಎಂದು ನನಗೆ ಒಳಗೇ ಖುಷಿಯಾಯಿತು. ಹೆಡ್‌ಫೋನ್ ತೆಗೆದಾಗ ಅವಳು ಹೇಳಿದ್ದು ಬೇರೆಯೇ.

"ಹಾಡಾಕತ್ತಾಕಿ ಯಾರೋ ನನಗ ಗೊತ್ತಿಲ್ಲ. ಶ್ಶ್ ಅಂದಾಕಿ ಮಾತ್ರ ನೀನ, ಬೇಬಿ."

"ನಾನಲ್ಲವ್ವಾ, ಅದು ನೀನು. ಹಾಡಾಕಿ ನಾನು."

"ನೀ ಸಣ್ಣಾಕಿದ್ದಾಗ ನಾ ಹಾಡ್ತಿದ್ದೆ. ಜ್ವಾಳಾ ಹಸನ ಮಾಡ್ಕೋತ, ಸಣ್ಣಗ. ನಿಮ್ಮಪ್ಪಗ ಎಂದೂ ಎಚ್ಚರ ಆಗಿಲ್ಲ, ಇಂಜಿನ್ ಸೀಟಿಗೇ ಏಳದಂಥಾ ಮನಶ್ಯಾ. ನೀ ಸಾಲಿಂದ ಬಂದು ಅಡಗೀಮನಿ ಬಾಗಲದಾಗ ನಿಂತು ತುಟಿಮ್ಯಾಲ ಬೆರಳ ಇಟಗೊಂಡು ಶ್ಶ್ ಅಂತಿದ್ದಿ. ಫಿಂಗರ್ ಅಂತೇನೋ ಇಂಗ್ಲಿಷನ್ಯಾಗ ಹೇಳ್ತಿದ್ದಿ. ಭಾಳ ಸಿಟ್ಟಿರತಿತ್ತು ಮಾರೀಮ್ಯಾಲ. ಓದಿದ ಮಗಳು, ತಿಳಿದ ಹೇಳ್ತಿರಬೇಕು ಅಂತ ನಾ ಗಪ್ಪಾದೆ."

ಅವಳು ಇದನ್ನು ದೂರುವ ಹಾಗೆ ಹೇಳಲಿಲ್ಲ. ನಮ್ಮ ಮನೆಯಲ್ಲಿ ಮೊದಲು ಹಿತ್ತಲಿಗೆ ಬಾಗಿಲಿರಲಿಲ್ಲ ಎಂದು ಹೇಳುವ ಹಾಗೆ ಹೇಳಿ, ಕಾಲು ಚಾಚಿ ಮಲಗಿದಳು. ನಾನು ಟೇಪ್ ರೆಕಾರ್ಡರನ್ನು ಎತ್ತಿಕೊಂಡು ಮುಂದಿನ ಕೋಣೆಗೆ ಬಂದು ಕೂತೆ. Finger on your lips. ಶಿಶುವರ್ಗದಲ್ಲಿ ಸಿಸ್ಟರ್ ನಮಗೆ ಕಲಿಸಿದ ಮೊದಲ ಆಜ್ಞೆ ಅದು. ನಾನೇ ಅದನ್ನು ಮೂವತ್ತನಾಲ್ಕು ವರ್ಷ ಎಷ್ಟು ಸಾವಿರ ಮಕ್ಕಳ ತುಟಿಗೆ ಹಚ್ಚಿದ್ದೇನೋ. ಆದರೆ ಅವ್ವನ ಮುಂದೆ ಹಾಗೆ ನಿಂತದ್ದು ನನಗೆ ನೆನಪಿಲ್ಲ. ಅವ್ವ ಹಾಡಿದ್ದೂ ನೆನಪಿಲ್ಲ. ಜೋಳ ಹಸನು ಮಾಡುತ್ತಾ ಮೊರದ ಮುಂದೆ ಕೂತ ಅವ್ವ ಕಣ್ಣಿಗೆ ಕಾಣುತ್ತಾಳೆ, ಅವಳ ಬೆರಳುಗಳು ಕಾಣುತ್ತವೆ, ಹಾಡು ಮಾತ್ರ ಇಲ್ಲ. ನಾಗಪುರದಲ್ಲಿದ್ದ ರಘುವಿಗೆ ಫೋನ್ ಮಾಡಿದೆ. ಅವ್ವ ಹಾಡುತ್ತಿದ್ದಳೇ ಎಂದು ಕೇಳಿದರೆ, ಹಾಡಿರಬಹುದು ಅಂದ. ಬಾವುಟ ಕಟ್ಟುವ ಪದ್ಧತಿ ಶುರು ಮಾಡಿದ್ದು ಅಪ್ಪನೋ ಅವ್ವನೋ ಎಂದು ಕೇಳಿದೆ. ನಕ್ಕುಬಿಟ್ಟ. ನೀನೇ ಅಲ್ಲೇನಕ್ಕ, ನನಗೆ ಮುಟ್ಟಲೂ ಕೊಡುತ್ತಿರಲಿಲ್ಲವಲ್ಲ ಅಂದ. ಆಮೇಲೆ, ಇಲ್ಲ, ಅವ್ವನೇ ಇರಬೇಕು ಅಂದ. ನನಗೆ ಅಪ್ಪ ಕಟ್ಟುತ್ತಿದ್ದಂತೆ ನೆನಪು. ಇಬ್ಬರು, ಮೂರು ನೆನಪು. ಕೇಳೋಣವೆಂದರೆ ಅಪ್ಪ ತೀರಿಹೋಗಿದ್ದಾರೆ. ಆ ಮನೆಯ ಮೌನಕ್ಕೆ ಸಿಕ್ಕಿಕೊಂಡವಳು ನಾನು ಎಂದು ಒಂದು ವಾರದ ಹಿಂದೆ ಸಮಾಧಾನಪಟ್ಟುಕೊಂಡಿದ್ದೆ. ಈಗ ಆ ಮೌನದ ಕಾವಲುಗಾರ್ತಿಯೇ ನಾನಾಗಿದ್ದರೆ? ಆಗ ನಾನಾಗಿದ್ದ ಎಂಟು ವರ್ಷದ ಹುಡುಗಿಯನ್ನು ಈಗ ನಿಲ್ಲಿಸಿ ವಿಚಾರಿಸುವುದು ಹೇಗೆ?

ಹತ್ತು ದಿನ ಹಾಡಲಿಲ್ಲ, ರೆಕಾರ್ಡ್ ಮಾಡಲಿಲ್ಲ. ನೋಟ್‌ಬುಕ್ಕಿನಲ್ಲಿ ಖಾಲಿ ಪುಟಗಳು. ಕುಷಾಯಿಗೂಡಕ್ಕೆ ಹೋಗಿ ಸುಮಾ ಟೀಚರಿಗೆ ಎಲ್ಲ ಹೇಳಿದೆ. ಅವರು ಅವ್ವನ ಪರವಾಗಿಯೂ ಮಾತಾಡಲಿಲ್ಲ, ನನ್ನ ಪರವಾಗಿಯೂ. ಟೇಪ್ ಕೇಳಿ, ಶ್ಶ್ ಅನ್ನುವುದು ಶ್ರುತಿಯಲ್ಲಿದೆ ನೋಡಿ ಎಂದು ತಮಾಷೆ ಮಾಡಿದರು. ಆಮೇಲೆ, ಅಡುಗೆ ಹೇಳಿಕೊಡುವ ಹಾಗೆ, ಸರಳವಾಗಿ ಹೇಳಿದರು.

"ಅವರಿಗೆ ಕೇಳಸಬೇಕು ಅಂತೀರಿ, ಮುಂದಿನ ಕೋಣ್ಯಾಗ ಕೂತು ಗ್ವಾಡಿಗೆ ಹಾಡ್ತೀರಿ. ಅವರ ಹಂತ್ಯಾಕ ಕುಂದರ್ರಿ ಅಕ್ಕಾರ. ಮಾರಿ ನೋಡಿ ಹಾಡ್ರಿ."

ಮರುದಿನ ಹತ್ತು ಗಂಟೆಗೆ ಹಾರ್ಮೋನಿಯಂ ಎತ್ತಿಕೊಂಡು ಮಧ್ಯದ ಕೋಣೆಗೆ ಹೋದೆ. ಆ ಕೋಣೆಯಲ್ಲಿ ಹಗಲು ಹೊತ್ತು ಸದ್ದು ಮಾಡುವ ವಸ್ತುವೊಂದನ್ನು ನಾನು ಕೆಳಗಿಟ್ಟದ್ದು ಅದೇ ಮೊದಲು, ಇಡುವಾಗಲೂ ಶಹಾಬಾದಿ ಕಲ್ಲಿಗೆ ತಾಗದ ಹಾಗೆ ಎಚ್ಚರವಹಿಸಿದೆ. ಅವ್ವ ಎದ್ದು ಗೋಡೆಗೆ ಒರಗಿ ಕೂತಳು. ಅವಳ ಮುಂದೆ ಏನು ಹೇಳಿ ಶುರು ಮಾಡಬೇಕು ಎಂದು ತಿಳಿಯಲಿಲ್ಲ. ವಾರ, ಪಾಠದ ನಂಬರು ಹೇಳಲಿಲ್ಲ. ಕ್ಷಮಿಸು ಅನ್ನಬೇಕೆನಿಸಿತು. ಆದರೆ ನಾನು ಮಾಡಿದೆನೋ ಇಲ್ಲವೋ ಗೊತ್ತಿಲ್ಲದ್ದಕ್ಕೆ ಕ್ಷಮೆ ಕೇಳಿದರೆ ಅವ್ವ ಏನೆಂದುಕೊಂಡಾಳು? ಸುಮ್ಮನೆ ಬಂದಿಶ್ ಎತ್ತಿಕೊಂಡೆ. ಮೊದಲ ಸಾಲು ಕೆಳಗೆ ಕೆಳಗೇ ಸಾಗುತ್ತದೆ, ಅದು ಹೋಯಿತು. ಎರಡನೆಯ ಭಾಗ ಪಂಚಮದಿಂದ ಎದ್ದು ಧೈವತಕ್ಕೆ ಹತ್ತಿ ಮೇಲಿನ ಸಾ ಮುಟ್ಟಬೇಕು. ಪಂಚಮದಲ್ಲಿರುವಾಗಲೇ ನನಗೆ ಕಾಣಿಸಿತು, ಅವ್ವ ಸೆರಗನ್ನು ಗುಪ್ಪೆ ಮಾಡಿ ಬಾಯಿಗೆ ಒತ್ತಿಕೊಂಡಿದ್ದಳು. ಅವಳಿಗೆ ಏನೋ ಆಯಿತು ಎಂದು ಹೆದರಿ ನಿಲ್ಲಿಸಿದೆ. ಏನಾಯಿತವ್ವಾ ಎಂದು ಕೇಳಿದೆ. ಅವಳು ಸೆರಗನ್ನು ಒಂದಿಷ್ಟೇ ಸರಿಸಿದಳು.

"ನೀ ಹಾಡು. ನಾ ಬಾಯಿ ಹಿಡಕೊಂಡೀನಿ."

ಅಂದರೆ ಅವಳು ಒಪ್ಪಿಕೊಂಡಳೇ? ಅಥವಾ ಬಾಗಿಲಲ್ಲಿ ನಿಂತ ಆ ಓದಿದ ಮಗಳಿಗೆ ಹೆದರಿ ಈಗಲೂ ಗಪ್ಪಾಗುತ್ತಿದ್ದಳೇ? ಅವತ್ತೂ ತಿಳಿಯಲಿಲ್ಲ, ಇವತ್ತಿಗೂ ತಿಳಿದಿಲ್ಲ. ಕೇಳಲು ಬಾಯಿ ತೆರೆದೆ, ಅವಳು ಸೆರಗನ್ನು ಮತ್ತೆ ಬಾಯಿಗೆ ಒತ್ತಿ, ಗದ್ದ ಎತ್ತಿ, ಮುಂದುವರಿಸು ಎಂದು ಸನ್ನೆ ಮಾಡಿದಳು. ಪಂಚಮ ಹಿಡಿದೆ. ಧೈವತಕ್ಕೆ ಹೋದೆ. ಮೇಲಿನ ಸಾ ಬಂತು, ಒಡೆದುಕೊಂಡು, ಒಂದು ಕೂದಲೆಳೆ ಇಳಿದೇ ಬಂತು. ಬಂದದ್ದನ್ನು ಬಿಡಲಿಲ್ಲ, ಉಸಿರು ಇರುವಷ್ಟೂ ಹಿಡಿದೆ. ಅವ್ವನ ಕಣ್ಣು ನನ್ನ ಬಾಯಿಯ ಮೇಲಿತ್ತು, ಅವಳ ಎರಡೂ ಕೈ ಅವಳ ಬಾಯಿಯ ಮೇಲೆ.